ದಾಖಲಾಗದ ಕಳವು ಯಾವ ಲೆಕ್ಕದಲ್ಲಿದೆ?

ಪೊಲೀಸ್ ಠಾಣೆಗಳಲ್ಲಿ ದಾಖಲಾದ ಪ್ರಕರಣಗಳ ಲೆಕ್ಕ ಹಿಡಿದು ‘ಪ್ರಕರಣ ಇಳಿದಿವೆ, ಅಂದರೆ ಅಪರಾಧ ಇಳಿದಿದೆ’ ಅಂತ ಬರೆದಿದ್ದೀರಿ. ನಾನಿದನ್ನು ಒಪ್ಪಲ್ಲ. ನಮ್ಮ ಕಾಕಾ ಹೋದ ವರ್ಷ ಕಲಬುರಗಿಯಲ್ಲಿ ತೊಗರಿ ಮಾರಿ ಯಾದಗಿರಿಗೆ ಬರುವಾಗ ಬಸ್ಸಿನಲ್ಲಿ ಯಾರೋ ಜೇಬಿಗೆ ಬ್ಲೇಡ್ ಹಾಕಿದರು. 22 ಸಾವಿರ ಹೋಯಿತು. ದೂರು ಕೊಡಲು ಹೋದ ಎರಡು ಠಾಣೆಯಲ್ಲೂ ಒಂದೇ ಮಾತು: ‘ನಮ್ಮ ಲಿಮಿಟ್‌ಗೆ ಬರಲ್ಲ.’ ಕೊಯ್ದ ಅಂಗಿ ಹಿಡಿದುಕೊಂಡು ಸಂಜೆವರೆಗೂ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಪೊಲೀಸರು ದೂರನ್ನು ಬಿಳಿ ಹಾಳೆಯಲ್ಲಿ ಬರೆಸಿಕೊಂಡರು. ಸೀಲಿಲ್ಲ, ನಂಬರಿಲ್ಲ. ಈ ಕಳವು ನಿಮ್ಮ ಲೆಕ್ಕದಲ್ಲಿ ಇದೆಯಾ ಹೇಳಿ? ಇಂಥದ್ದಕ್ಕೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಂ ಪ್ರಕಾರ ಯಾವ ಸರಹದ್ದೇ ಇರಲಿ ದೂರು ತಗೊಳ್ಳಬೇಕು, ಪ್ರತಿ ಪುಕ್ಕಟೆ ಕೊಡಬೇಕು. ಕಾಕಾನ ಕೈಗೆ ಆ ಪ್ರತಿ ಇವತ್ತಿಗೂ ಬಂದಿಲ್ಲ.