ಸ್ಪಷ್ಟನೆ: ಫ್ಯಾಬಿಯೋಲಾ ಡ ಸಿಲ್ವಾ ಪುರುಷರೊಂದಿಗೂ ಸ್ಪರ್ಧಿಸಿದ್ದರು

ಬ್ರೆಜಿಲ್‌ನ ವರ್ಟ್ ಸ್ಕೇಟಿಂಗ್ (ಚಕ್ರದ ಬೂಟು ತೊಟ್ಟು, ಅಂಚಿನಲ್ಲಿ ನೆಟ್ಟಗೆ ಮೇಲೇಳುವ ಬಾಗಿದ ರ‍್ಯಾಂಪಿನಲ್ಲಿ ಹಾರಿ ಕಸರತ್ತು ತೋರುವ ಆಟ) ಆಟಗಾರ್ತಿ ಫ್ಯಾಬಿಯೋಲಾ ಡ ಸಿಲ್ವಾ ಅವರು ಮಹಿಳೆಯರ ವಿಭಾಗದಲ್ಲಷ್ಟೇ ಆಡಿದವರು, ಪುರುಷರಿಗೆ ಎದುರಾಗಿ ಎಂದೂ ಕಣಕ್ಕಿಳಿದವರಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಸಾವೊ ಪಾಲೊದಲ್ಲಿ 1979ರಲ್ಲಿ ಹುಟ್ಟಿದ ಅವರು 1996ರ ಸಾಹಸ ಕ್ರೀಡೆಗಳ ಕೂಟವಾದ ಎಕ್ಸ್ ಗೇಮ್ಸ್‌ನಲ್ಲಿ ಮಹಿಳೆಯರ ವರ್ಟ್ ಚಿನ್ನ ಗೆದ್ದದ್ದು ನಿಜ. ಆದರೆ ಅದುವರೆಗೆ ಪುರುಷರಿಗಷ್ಟೇ ಮೀಸಲಾಗಿದ್ದ ವರ್ಟ್ ಸ್ಪರ್ಧೆಯನ್ನು ಮಹಿಳೆಯರಿಗೂ ತೆರೆದ ನಿಯಮವೊಂದು 2000ರಲ್ಲಿ ಬಂದಾಗ ಅದಕ್ಕೆ ‘ಫ್ಯಾಬಿಯೋಲಾ ನಿಯಮ’ ಎಂಬ ಹೆಸರೇ ಬಿತ್ತು, ಮತ್ತು ಮುಂದೆ ಆ ಕಣದಲ್ಲಿ ಅವರು ಹಲವು ಬಾರಿ ಮೊದಲ ಹತ್ತರೊಳಗೆ ನಿಂತರು.

ಈ ತಪ್ಪು ಮಾತಿನ ಹಿಂದೆ, ರ‍್ಯಾಂಪಿನ ಮೇಲಂಚು ದಾಟಿ ಹಾರಲು ತೋಳ್ಬಲವೇ ಬೇಕೆಂಬ ಊಹೆಯೂ ಇದ್ದಂತಿದೆ. ವಾಸ್ತವದಲ್ಲಿ, ಉಯ್ಯಾಲೆ ಜೀಕುವವರು ಮಾಡುವ ಹಾಗೆಯೇ, ರ‍್ಯಾಂಪಿನ ಬಾಗಿದ ಭಾಗಕ್ಕೆ ಬರುವ ಹೊತ್ತಿಗೆ ಮಡಿಸಿಟ್ಟ ಮೊಣಕಾಲುಗಳನ್ನು ಸರಿಯಾದ ಕ್ಷಣದಲ್ಲಿ ನೀಳವಾಗಿ ಚಾಚಿದಾಗ ವೇಗ ಕೂಡುತ್ತದೆ, ಆ ವೇಗವೇ ಎತ್ತರವಾಗುತ್ತದೆ. ಆ ಕ್ಷಣ ಕಾಲಿಗೆ ಅಭ್ಯಾಸವಾಗುವವರೆಗೆ ಮಂಡಿಕವಚದ ಮೇಲೆ ಜಾರುತ್ತಾ ನೂರಾರು ಸಲ ಕೆಳಗಿಳಿಯಬೇಕಾಗುತ್ತದೆ. ಆಟದ ಮೇಲೆ ಪ್ರೀತಿಯಿಲ್ಲದವರು ಇದನ್ನು ತಾಳಲಾರರು. 2005ರಲ್ಲಿ ವರ್ಟ್ ರ‍್ಯಾಂಪಿನಲ್ಲಿ ಗಾಳಿಯಲ್ಲೇ ಹಿಮ್ಮುಖವಾಗಿ ಎರಡು ಪಲ್ಟಿ ಹೊಡೆದು ಚಕ್ರಗಳ ಮೇಲೆ ಇಳಿದ ಮೊದಲ ಮಹಿಳೆಯೂ ಇದೇ ಫ್ಯಾಬಿಯೋಲಾ.