ಪತ್ರ ಬೇಡ, ಬಾಯಲ್ಲೇ ಹೇಳಿ

ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಬಿಡುವವರು ಪಾಲಕರಿಗೆ ತಿಂಗಳ ಮೊದಲೇ ಪತ್ರ ಕೊಡಬೇಕು ಎಂದು ಒಂದು ಲೇಖನದಲ್ಲಿ ಓದಿದೆ. ತಿಂಗಳ ಮಾತು ಸರಿ. ಪತ್ರ ಮಾತ್ರ ನಮ್ಮ ಬಳ್ಳಾರಿಯಲ್ಲಿ ನಡೆಯೋದಿಲ್ಲ.

ಕೌಲ್ ಬಜಾರ್ ಕಡೆ ಒಂದು ಸಣ್ಣ ಬೇಬಿ ಸಿಟ್ಟಿಂಗ್‌ನಲ್ಲಿ ನಾಲ್ಕು ವರ್ಷ ಇದ್ದೆ. ಬರುವ ತಾಯಂದಿರಲ್ಲಿ ಜಾಸ್ತಿ ಜನ ಜೀನ್ಸ್ ಹೊಲಿಯೋರು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಎಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಇವರು ಕೂರೋ ಕಡೆ ಇರೋದು ಹತ್ತು ಹದಿನೈದು ಮಿಷನ್. ಹಾಗಾಗಿ ನಾವೇ ಗತಿ.

ಒಬ್ಬ ತಾಯಿಗೆ ಸಂಜೆ ಬಾಗಿಲಲ್ಲೇ ಹೇಳಿದೆ, "ಮುಂದಿನ ತಿಂಗಳಿಂದ ನಾನು ಬರಂಗಿಲ್ರೀ." ಮಗನಿಗೆ ಚಪ್ಪಲಿ ಹಾಕುತ್ತಿದ್ದ ಕೈ ನಿಂತಿತು. ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ. "ಪಗಾರ ಸಾಲವಲ್ದೇನ್ರೀ ಅಕ್ಕಾ?" ಎಂದರು. ಮನೆ ತೊಂದರೆ ಅಂತ ಸುಮ್ನೆ ಒಂದು ಸುಳ್ಳು ರೆಡಿ ಮಾಡಿಕೊಂಡಿದ್ದೆ. ಬೇಕಾಗಲೇ ಇಲ್ಲ.

ಇನ್ನೊಂದು. ಹೊಸಬರು ಬಂದಮೇಲೆ ಒಂದು ವಾರ ಇಬ್ಬರೂ ಒಟ್ಟಿಗೆ ಇರಿ. ಅದೇ ಹುಡುಗ, ಎರಡು ವರ್ಷದವನು, ಹೊಸ ಆಯಾ ಕೈಯಿಂದ ಮಂಡಕ್ಕಿ ತಿನ್ನೋಕೆ ಐದು ದಿನ ತೆಗೆದುಕೊಂಡ. ಆರನೇ ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಕಳ್ಳ!