ನ್ಯಾಯ ಅಂದ್ರೆ ನನಗೊಬ್ಬ ಹೊಸಬ

ಬೆಂಗಳೂರಿನ ಟೇಬಲ್ ಯುದ್ಧವೀರರಿಗೆ ಈಗ ಒಂದೇ ಚಿಂತೆ. ಟೂರ್ನಮೆಂಟ್‌ನ ಮೊದಲ ಸುತ್ತಿನ ಜೋಡಿ ನ್ಯಾಯವಾಗಿರಬೇಕು. ನ್ಯಾಯ ಅಂದ್ರೆ ಏನು ಅನ್ನುವುದರಲ್ಲೂ ಎಲ್ಲರದೂ ಒಮ್ಮತ. ತನಗೊಬ್ಬ ಹೊಸಬ ಸಿಗಬೇಕು, ಕಳೆದ ಸಲದ ಚಾಂಪಿಯನ್ ಪಕ್ಕದ ಟೇಬಲ್‌ನವನ ಪಾಲಾಗಬೇಕು.

ಗೊತ್ತಿಲ್ಲದವರಿಗೆ ಒಂದು ಮಾತು. ವಾರ್‌ಹ್ಯಾಮರ್ 40,000 ಅಂತ ಒಂದು ಆಟ, 1987ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಹೆಬ್ಬೆರಳುದ್ದದ ಸೈನಿಕರಿಗೆ ತಿಂಗಳುಗಟ್ಟಲೆ ಬಣ್ಣ ಹಚ್ಚಿ, ಒಟ್ಟು 2000 ಪಾಯಿಂಟ್ ಬಲದ ಸೈನ್ಯ ಕಟ್ಟಿ, ಟೇಪು ಹಿಡಿದು ಅಳೆದು, ಬೊಗಸೆ ತುಂಬ ದಾಳ ಉರುಳಿಸಿ ಕಾದಾಡುವುದು. ಒಂದೊಂದು ಆಟಕ್ಕೆ ಮೂರು ಗಂಟೆ ಹಿಡಿಯುತ್ತದೆ. ಒಂದು ಭಾನುವಾರದಲ್ಲಿ ಮೂರು ಸುತ್ತು ಮುಗಿದರೆ ಪುಣ್ಯ.

ಜೋಡಿ ಹಾಕುವುದು ಸ್ವಿಸ್ ಪದ್ಧತಿಯಲ್ಲಿ. 1895ರಲ್ಲಿ ಜ್ಯೂರಿಚ್‌ನ ಚೆಸ್‌ನವರು ಶುರು ಮಾಡಿದ್ದು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಮೊದಲ ಸುತ್ತಿನಲ್ಲಿ ಮಾತ್ರ ಇನ್ನೂ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಚೀಟಿ ಎತ್ತಬೇಕು.

ಚೀಟಿಯಲ್ಲೇನು ತಪ್ಪು ಅಂತೀರಾ? 16 ಜನ, ಮೂರು ಸುತ್ತು. ಡ್ರಾ ಆಗದಿದ್ದರೆ ಸಂಜೆಗೆ ಸೋಲದವರು ಇಬ್ಬರು ಉಳಿಯುತ್ತಾರೆ. ಕಪ್ ಒಂದೇ. ಆಗ ಮೂರು ಆಟಗಳಲ್ಲಿ ಗಳಿಸಿದ ಒಟ್ಟು ಪಾಯಿಂಟ್ ನೋಡುತ್ತಾರೆ. ಸರಿಸಮ ಎದುರಾಳಿಯ ಜೊತೆ ಬೆವರು ಸುರಿಸಿ 60–55ಕ್ಕೆ ಗೆದ್ದವನು ಹಿಂದೆ. ಬೆಳಿಗ್ಗೆ ಹೊಸಬನನ್ನು 100–10ಕ್ಕೆ ಚಚ್ಚಿದವನು ಮುಂದೆ. ಆ 10 ಕೂಡ ಸೈನ್ಯಕ್ಕೆ ಪೂರ್ತಿ ಬಣ್ಣ ಹಚ್ಚಿದ್ದಕ್ಕೆ ಕೊಡುವ 10.

ಆ ಹೊಸಬನನ್ನೊಮ್ಮೆ ನೋಡಿ. ಚಪ್ಪಲಿ ಡಬ್ಬದಲ್ಲಿ ಹತ್ತಿ ಹಾಸಿ, ಸೈನ್ಯ ಮಲಗಿಸಿ, ಮೆಟ್ರೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದಾನೆ. ದಾರಿಯಲ್ಲಿ ಒಬ್ಬ ಸೈನಿಕನ ಕೈ ಮುರಿದಿದೆ. ಉಸಿರು ಬಿಗಿಹಿಡಿದು ಫೆವಿಕ್ವಿಕ್ ಹಾಕುತ್ತಾನೆ. ಅದು ಒಣಗುವ ಮೊದಲೇ ಎದುರಾಳಿ, "ಅವನು ಸತ್ತ, ತೆಗೀರಿ" ಅನ್ನುತ್ತಾನೆ. ಎರಡನೇ ಸರದಿಗೆ ಟೇಬಲ್ ಖಾಲಿ. "ಪರವಾಗಿಲ್ಲ ಗುರು, ಕಲಿಯೋಕೆ ಇದೇ ಒಳ್ಳೆ ಅವಕಾಶ" ಅಂತ ಸಮಾಧಾನ ಬೇರೆ.

ಇದು ಅನ್ಯಾಯ ಅಂತ ಸಮಿತಿ ಕೂತಿತು. ನಮ್ಮೂರಲ್ಲಿ ಸಮಿತಿಗೇನು ಬರ? ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಪಾಳಯ ಚೆಸ್‌ನ ಎಲೋ ರೇಟಿಂಗ್, ಅಂದ್ರೆ ಗೆಲುವು ಸೋಲು ನೋಡಿ ಆಟಗಾರನ ಬಲಕ್ಕೆ ಕೊಡುವ ಅಂಕ, ತನ್ನಿ ಅಂದಿತು. ರೇಟಿಂಗ್ ಪ್ರಕಾರ ಸಾಲು ನಿಲ್ಲಿಸಿ, ಸಾಲನ್ನು ಅರ್ಧಕ್ಕೆ ಮುರಿದು, ಒಂದನೆಯವನಿಗೆ ಒಂಬತ್ತನೆಯವನು, ಎರಡನೆಯವನಿಗೆ ಹತ್ತನೆಯವನು. ರೇಟಿಂಗೇ ಇಲ್ಲದ ಹೊಸಬರನ್ನು ಏನು ಮಾಡೋಣ? ಕೆಳಗೆ ಹಾಕಿ. ಇಷ್ಟು ದಿನ ಅದೃಷ್ಟವಿದ್ದರೆ ಸಿಗುತ್ತಿದ್ದ ಹೊಸಬ ಇನ್ನು ಮೇಲೆ ಹಕ್ಕಿನಿಂದ ಸಿಗುತ್ತಾನೆ. ಮೇಲಿನ ಅರ್ಧದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೈಸೂರು ದಸರಾ ಕುಸ್ತಿಗೆ ಮುಂಚೆ ಹಿರಿಯರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ವಯಸ್ಸು, ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ಹಾಗೇ ಹೊಸಬರಿಗೆ ಹೊಸಬರನ್ನು ಹಾಕಬಾರದಾ ಅಂತ ಸುಮ್ನೆ ಕೇಳಿದೆ. "ಅದು ಹೇಗಾಗುತ್ತೆ ಸಾರ್? ಆಮೇಲೆ ನಾವು ನಾವೇ ಹೊಡೆದಾಡಬೇಕಾಗುತ್ತೆ" ಅಂದರು. ಟೂರ್ನಮೆಂಟ್ ಅಂದ್ರೆ ಅದೇ ಅಲ್ವಾ?

ಇನ್ನು ಯಲಹಂಕದ ಗೆಳೆಯರ ಗೋಳು. ಒಂದೇ ಕಾರಿನಲ್ಲಿ ಹೆಬ್ಬಾಳದ ಟ್ರಾಫಿಕ್ ತಿಂದು ಇಂದಿರಾನಗರಕ್ಕೆ ಬಂದರೆ, ಚೀಟಿಯಲ್ಲಿ ಅವರವರಿಗೇ ಜೋಡಿ. ಅದನ್ನು ಮನೆಯಲ್ಲೇ ಆಡಬಹುದಿತ್ತು. ಸರಿ, ಒಂದೇ ಕ್ಲಬ್‌ನವರು ಮೊದಲ ಸುತ್ತಿನಲ್ಲಿ ಎದುರಾಗಬಾರದು ಅಂತ ನಿಯಮ ಬಂತು. ಎಷ್ಟೋ ಕಡೆ ಇರುವ, ಬುದ್ಧಿವಂತ ನಿಯಮವೇ. ನಮ್ಮವರು ಅದನ್ನು ಇನ್ನೂ ಜಾಸ್ತಿ ಬುದ್ಧಿವಂತಿಕೆಯಿಂದ ಓದಿದರು. ಮುಂದಿನ ಟೂರ್ನಮೆಂಟ್ ಹೊತ್ತಿಗೆ 16ರಲ್ಲಿ 15 ಜನ ಚಾಂಪಿಯನ್ನನ ಕ್ಲಬ್‌ಗೇ ಸೇರಿಬಿಟ್ಟಿದ್ದರು. ಉಳಿದವನು ಹೊಸಬ. ಅವನಿಗೆ ಯಾರೂ ಹೇಳಿರಲಿಲ್ಲ.

ಈಗ ನಿಯಮದ ಪ್ರಕಾರ ಅಷ್ಟೂ ಜನಕ್ಕೆ ಎದುರಾಳಿ ಅಂತ ಇರುವುದು ಅವನೊಬ್ಬನೇ. ಅವನ ಮುಂದೆ ಯಾರು ಕೂರಬೇಕು ಅಂತ ಜಗಳ ಹತ್ತಿ, ಕೊನೆಗೆ ಚೀಟಿಯೇ ಗತಿ ಅಂತಾಯಿತು. ಚೀಟಿ ಎತ್ತುವವನು ಆ ಕ್ಲಬ್‌ನವನಾದರೆ ಪಕ್ಷಪಾತ ಅಂತಾರಲ್ಲ? ಹಾಗಾಗಿ ಅದನ್ನೂ ಹೊಸಬನ ಕೈಯಲ್ಲೇ ಎತ್ತಿಸಿದರು.